ಶಿ ಶೆನ್ ನಕ್ಷತ್ರ ಪಟ್ಟಿ, ಹಳೇ ಸ್ಟೀಲ್ ಟೇಪು, 365.25 ಭಾಗದ ಚಕ್ರ: ಇಲ್ಲಿವರೆಗಿನ ಲಾಗ್

ಕೆಲಸ ಮುಕ್ಕಾಲು ಭಾಗ ಮುಗೀತು, ಉಳಿದಿದ್ದಕ್ಕೆ ಮೋಡ ಅಡ್ಡ ಬಂದಿದೆ. ಮತ್ತೆ ಶುರು ಮಾಡೋ ಹೊತ್ತಿಗೆ ಯಾವ ಅಳತೆ ಯಾಕೆ ಇಟ್ಟಿದ್ದೆ ಅನ್ನೋದೇ ಮರ್ತು ಹೋಗಿರುತ್ತೆ, ಅದಕ್ಕೇ ಈಗ್ಲೇ ಬರೆದಿಡ್ತಿದೀನಿ. ಯಾರಾದ್ರೂ ಮಾಡೋರಿದ್ರೆ ಅಳತೆ ಎಲ್ಲಾ ಮಿಲಿಮೀಟರಲ್ಲೇ ಇದೆ, ಹಾಗೇ ಎತ್ಕೊಳ್ಳಿ.

ಮಾಡೋಕೆ ಹೊರಟಿದ್ದು ಇಷ್ಟು. ಚೀನಾದಲ್ಲಿ ಶಿ ಶೆನ್ ಹೆಸರಲ್ಲಿ ಉಳಿದಿರೋ ನಕ್ಷತ್ರ ಪಟ್ಟಿಯ ಒಂದಷ್ಟು ಅಂಕಿಗಳನ್ನ ತಗೊಂಡು, ಅವರದ್ದೇ ಅಳತೆಯ ಲೆಕ್ಕದಲ್ಲಿ, ಟೆಲಿಸ್ಕೋಪ್ ಇಲ್ದೆ ಬರಿಗಣ್ಣಲ್ಲಿ, ತುಮಕೂರಿನ ನಮ್ಮನೆ ತಾರಸಿ ಮೇಲೆ ಮತ್ತೆ ಅಳೆದು ನೋಡೋದು. ಶಿ ಶೆನ್ ಕ್ರಿ.ಪೂ. 4ನೇ ಶತಮಾನದ ಖಗೋಳಜ್ಞರು, ವೆಯ್ ರಾಜ್ಯದೋರು. ಅದೇ ಕಾಲದಲ್ಲಿ ಚಿ ರಾಜ್ಯದಲ್ಲಿ ಗಾನ್ ದ ಅಂತ ಇನ್ನೊಬ್ರು. ಇಬ್ರೂ ಬರೆದ ಪುಸ್ತಕ ಉಳಿದಿಲ್ಲ. ನಮಗೆ ಸಿಗೋದು 8ನೇ ಶತಮಾನದ ಶುರುವಲ್ಲಿ, ತಾಂಗ್ ರಾಜಧಾನಿ ಚಾಂಗಾನ್‌ನಲ್ಲಿ ಕೂತು ಗೌತಮ ಸಿದ್ಧ ಅನ್ನೋರು ಸಂಗ್ರಹಿಸಿದ ಕಾಯ್‌ಯುವಾನ್ ಝಾನ್‌ಜಿಂಗ್ ಅನ್ನೋ ದೊಡ್ಡ ಗ್ರಂಥದಲ್ಲಿ ಎತ್ತಿ ಬರೆದಿರೋದು ಮಾತ್ರ. ಹೆಸರಲ್ಲೇ ಗೊತ್ತಾಗುತ್ತೆ, ಭಾರತ ಮೂಲದ ಮನೆತನ, ಚೀನಾದಲ್ಲೇ ನೆಲೆ ನಿಂತಿದ್ದೋರು. ಆ ಗ್ರಂಥವೂ ಕಣ್ಮರೆಯಾಗಿ 1616ರಲ್ಲಿ ಒಂದು ಹಳೇ ಬುದ್ಧನ ವಿಗ್ರಹದೊಳಗೆ ಸಿಕ್ತು. ಅದೊಂದು ಸಿಗದೇ ಹೋಗಿದ್ರೆ ನಾನು ಮಾಡಿದ ಪ್ಲೈವುಡ್ ಚಕ್ರಕ್ಕೂ ಕೆಲಸ ಇರ್ತಿರ್ಲಿಲ್ಲ.

ಪಟ್ಟಿಯಲ್ಲಿ ಸ್ಥಾನ ಕೊಟ್ಟಿರೋ ನಕ್ಷತ್ರ 121. ಪ್ರತಿಯೊಂದಕ್ಕೂ ಎರಡು ಅಂಕಿ. ಒಂದು, ಆಕಾಶದ ಸುತ್ತ ಇರೋ 28 ಮನೆಗಳಲ್ಲಿ ಯಾವ ಮನೆಯೊಳಗೆ ಎಷ್ಟು ದೂರ. ಇನ್ನೊಂದು, ಆಕಾಶದ ಧ್ರುವದಿಂದ (ನಕ್ಷತ್ರ ಎಲ್ಲಾ ಯಾವುದರ ಸುತ್ತ ಸುತ್ತುತ್ತವೋ ಆ ಬಿಂದು) ಎಷ್ಟು ದೂರ. ಎರಡೂ 'ದು' ಲೆಕ್ಕದಲ್ಲಿ. ಪೂರ್ತಿ ಸುತ್ತಿಗೆ 365¼ ದು, ಅಂದ್ರೆ ಸೂರ್ಯ ದಿನಕ್ಕೆ ಒಂದು ದು ಸರೀತಾನೆ ಅಂತ ಲೆಕ್ಕ. ನಮ್ಮ ಡಿಗ್ರಿಯಲ್ಲಿ ಹೇಳೋದಾದ್ರೆ 0.9856.

1. ಅಂಕಿ ಕೂಡಿಸೋದು

ಮರ ಮುಟ್ಟೋ ಮುಂಚೆ 28 ಮನೆಗಳ ಅಗಲ ಒಂದು ಹಾಳೆ ಮೇಲೆ ಬರ್ಕೊಂಡೆ. ಪೂರ್ವದ ಏಳು: 12, 9, 15, 5, 5, 18, 11. ಉತ್ತರದ ಏಳು: 26, 8, 12, 10, 17, 16, 9. ಪಶ್ಚಿಮದ್ದು: 16, 12, 14, 11, 16, 2, 9. ದಕ್ಷಿಣದ್ದು: 33, 4, 15, 7, 18, 18, 17. ಕೂಡಿದ್ರೆ 75, 98, 80, 112, ಒಟ್ಟು 365 ಸರಿಯಾಗಿ. ಉಳಿದ ಕಾಲು ದು ಎಲ್ಲಿ ಹೋಯ್ತು ಅಂದ್ರೆ, ಹಾನ್ ರಾಜವಂಶದ ಕಾಲದ (ಕ್ರಿ.ಪೂ. 206ರಿಂದ ಕ್ರಿ.ಶ. 220) ಪಂಚಾಂಗದೋರು ಅದನ್ನ 26 ದು ಇರೋ 'ದೌ' ಮನೆಯ ಕೊನೆಗೆ ಸೇರಿಸ್ಬಿಟ್ರು. ಮೊದಲ ಮನೆ 'ಜಿಯಾವ್' ಶುರುವಾಗೋದು ನಮ್ಮ ಚಿತ್ತಾ ನಕ್ಷತ್ರದಿಂದ. 'ಮಾವ್' ಅಂದ್ರೆ ಕೃತ್ತಿಕೆ, 'ಝೀ' ಅಂದ್ರೆ ಮೃಗಶಿರದ ತಲೆ (ಒರಾಯನ್ ಬೇಟೆಗಾರನ ತಲೆ). ನಮ್ಮ 27ರ ಜೊತೆ ಎಲ್ಲಾ ಕಡೆ ತಾಳೆ ಆಗಲ್ಲ, ಆದ್ರೆ ಸುಮಾರು ಕಡೆ ಅದೇ ಗುಂಪು ನಕ್ಷತ್ರಗಳು ಸಿಗ್ತವೆ, ಹುಡುಕೋಕೆ ಸಲೀಸು.

ಅಗಲ ಒಂದೇ ಥರ ಇಲ್ಲ, ನೋಡಿ. ಒಂದು ಮನೆ 33, ಇನ್ನೊಂದು 2. ನಮ್ಮಲ್ಲಿ ಸಮ ಪಾಲು ಮಾಡ್ಕೊಂಡಂಗೆ ಅವರು ಮಾಡ್ಲಿಲ್ಲ, ಒಂದೊಂದು ಮನೆಗೂ ಒಂದು ಗುರುತಿನ ನಕ್ಷತ್ರ ಇಟ್ಕೊಂಡು ಅದರಿಂದ ಮುಂದಿನ ಗುರುತಿನವರೆಗೆ ಎಷ್ಟಿದ್ರೆ ಅಷ್ಟು. ಈ 2 ದು ಮನೆಯೇ ಮುಂದೆ ನನ್ನ ತಲೆ ತಿಂದಿದ್ದು.

2. ಸುತ್ತನ್ನ 365.25 ಮಾಡೋದು (ಮೊದಲ ದಾರಿ ಕೆಟ್ಟಿತು)

ಧ್ರುವದ ದೂರ ಅಳೆಯೋ ಚಕ್ರಕ್ಕೆ 19 ಮಿಮೀ ಪ್ಲೈವುಡ್ ತುಂಡು, ಅಂಗಡಿಯಲ್ಲಿ ಮಿಕ್ಕಿದ್ದು, 400 ರೂ. ಬಡಗಿ ಅಣ್ಣಂಗೆ ಜಿಗ್‌ಸಾದಲ್ಲಿ ವೃತ್ತ ಹೊಡೆದು ಕೊಡಿ ಅಂದೆ. ನನ್ನ ಹಾಳೆ ನೋಡಿ ಅವರು, "ಸುತ್ತಿಗೆ ಮುನ್ನೂರರವತ್ತಲ್ವಾ ಸಾರ್? ಈ ಕಾಲು ಎಲ್ಲಿ ಕೂರಿಸ್ತೀರಾ?" ಅಂದ್ರು. ಸರಿಯಾದ ಜಾಗಕ್ಕೇ ಕೈ ಹಾಕಿದ್ರು. ತಮಾಷೆ ಅಂದ್ರೆ 360ರ ಲೆಕ್ಕವನ್ನ ಚೀನಾಕ್ಕೆ ಕೊಟ್ಟಿದ್ದೂ ಇದೇ ಗೌತಮ ಸಿದ್ಧ. 718ರಲ್ಲಿ ಅವರು ಅನುವಾದ ಮಾಡಿದ ನವಗ್ರಹ ಪಂಚಾಂಗದಲ್ಲಿ 360 ಡಿಗ್ರಿ ಇತ್ತು, ಸೊನ್ನೆಗೆ ಒಂದು ಚುಕ್ಕಿ ಇತ್ತು, ಅಲ್ಲಿಯೋರು ಎರಡನ್ನೂ ಕೈಗೆತ್ಕೊಳ್ಳಲಿಲ್ಲ, 365¼ನ್ನೇ ಇನ್ನೂ ಎಂಟೊಂಬತ್ತು ಶತಮಾನ ಎಳೆದ್ರು.

ಮೊದಲು ಹಿಡಿದ ದಾರಿ ಡಿವೈಡರ್. ಒಂದು ದು ಎಷ್ಟು ಬರುತ್ತೋ ಅಷ್ಟಕ್ಕೆ ಕಾಲು ಅಗಲಿಸಿ ಅಂಚಿನ ಸುತ್ತ ಚುಚ್ಕೊಂಡು ಹೋಗೋದು. ಇದಕ್ಕೆ ಒಂದು ಕಾರಣವೂ ಇತ್ತು. 1977ರಲ್ಲಿ ಅನ್ಹುಯಿ ಪ್ರಾಂತ್ಯದ ಫುಯಾಂಗ್‌ನಲ್ಲಿ ಕ್ರಿ.ಪೂ. 165ರಲ್ಲಿ ತೀರ್ಕೊಂಡ ಒಬ್ಬ ಸಾಮಂತನ ಸಮಾಧಿ ಅಗೆದಾಗ ಅರಗು ಬಳಿದ ಒಂದು ಜೋಡಿ ಬಿಲ್ಲೆ ಸಿಕ್ತು, ದೊಡ್ಡ ಊಟದ ತಟ್ಟೆಯಷ್ಟಿರುತ್ತೆ, ಒಂದರ ಮೇಲೆ 28 ಮನೆಗಳ ಹೆಸರು ಮತ್ತೆ ಅಗಲ, ಇನ್ನೊಂದರ ಅಂಚಲ್ಲಿ ಸುತ್ತಲೂ 365 ಸಣ್ಣ ತೂತು. ಅವರು ತೂತು ಕೊರೆದಿದ್ದಾರೆ ನಾವೂ ಕೊರೆಯೋಣ ಅಂತ. ಆಗ್ಲಿಲ್ಲ. ಒಂದು ಹೆಜ್ಜೆಗೆ 0.02 ಮಿಮೀ ತಪ್ಪಿದ್ರೂ ಸುತ್ತು ಮುಗಿಯೋ ಹೊತ್ತಿಗೆ 7 ಮಿಮೀ ಆಚೀಚೆ, ಪ್ಲೈ ನಾರು ಸೂಜಿ ಮೊನೆಯನ್ನ ತನಗೆ ಬೇಕಾದ ಕಡೆ ಎಳೀತಿತ್ತು. ಪ್ರಿಂಟ್ ತೆಗೆದು ಅಂಟಿಸಿದ್ದೂ ಆಯ್ತು. ಅಂಟು ಒದ್ದೆಗೆ ಕಾಗದ ಹಿಗ್ಗಿ ಕೊನೆಯಲ್ಲಿ ಒಂದೂವರೆ ದು ಹೆಚ್ಚಾಗಿ ಉಳೀತು.

3. ಟೇಪು

ದಾರಿ ತೋರಿಸಿದ್ದು ಝಾಂಗ್ ಹೆಂಗ್ ಅನ್ನೋ ಚೀನಾದ ಖಗೋಳಜ್ಞ. 2ನೇ ಶತಮಾನದಲ್ಲಿ ಅವರು ಮಾಡಿದ ಆಕಾಶ ಗೋಳದಲ್ಲಿ ಒಂದು ದುಗೆ 4 ಫೆನ್ (ಚೀನಾದ ಒಂದು ಸಣ್ಣ ಉದ್ದಳತೆ) ಇಟ್ಟಿದ್ರು, ಸುತ್ತಳತೆ 1461 ಫೆನ್. ಅದಕ್ಕೂ ಹಳೇ ಗೋಳದಲ್ಲಿ ದುಗೆ 2 ಫೆನ್ ಇತ್ತಂತೆ, ಚಿಕ್ಕದಾಯ್ತು ನಕ್ಷತ್ರ ಒತ್ತೊತ್ತಾಗುತ್ತೆ ಅಂತ ಝಾಂಗ್ ಹೆಂಗ್ ಡಬಲ್ ಮಾಡಿದ್ದು, ಮುಂದೆ 3ನೇ ಶತಮಾನದಲ್ಲಿ ವಾಂಗ್ ಫಾನ್ ಇದು ತೀರಾ ದೊಡ್ಡದು ತಿರುಗ್ಸೋಕಾಗಲ್ಲ ಅಂತ 3 ಫೆನ್‌ಗೆ ಇಳಿಸಿದ್ರು. ಅಂದ್ರೆ ಕೋನ ಭಾಗ ಮಾಡೋ ಗೋಜೇ ಇಲ್ಲ, ಸುತ್ತಳತೆಯನ್ನೇ ಅನುಕೂಲಕ್ಕೆ ತಕ್ಕಂತೆ ಇಟ್ಕೊಳ್ಳೋದು. ಕಾಲು ದು ಎಲ್ಲಿ ಕೂರಿಸೋದು ಅನ್ನೋ ಪ್ರಶ್ನೆನೂ ಅಲ್ಲಿಗೆ ಬಗೆಹರೀತು.

ನಾನು ಫೆನ್ ಬದಲು ಮಿಲಿಮೀಟರ್ ಹಾಕ್ದೆ. ದುಗೆ 4 ಮಿಮೀ, ಸುತ್ತಳತೆ 1461 ಮಿಮೀ, ಅಡ್ಡಳತೆ 465. ಸ್ಕೇಲ್ ಬರೆಯೋ ಕೆಲಸವೇ ಇಲ್ಲ, ಯಾಕಂದ್ರೆ ಮಾರ್ಕೆಟ್ಟಲ್ಲಿ ಬರೆದೇ ಸಿಗುತ್ತೆ: ಬಡಗಿ ಸ್ಟೀಲ್ ಟೇಪು. ಸ್ಪ್ರಿಂಗ್ ಹೋಗಿ ಮೂಲೆಗೆ ಬಿದ್ದಿದ್ದ 3 ಮೀಟರ್ ಟೇಪು, 16 ಮಿಮೀ ಅಗಲದ್ದು, ಅದರಲ್ಲಿ 1000ದಿಂದ 2461ರವರೆಗೆ ತಗಡು ಕತ್ತರಿಯಲ್ಲಿ ಕತ್ತರಿಸ್ದೆ. ಮುಂದಿನ ಕೊಕ್ಕೆ ಭಾಗ ಬೇಡ, ಅಲ್ಲಿ ರಿವೆಟ್ ಇರುತ್ತೆ, ಕೊಕ್ಕೆ ಬೇಕಂತಲೇ ಅಲ್ಲಾಡೋ ಹಾಗೆ ಮಾಡಿರ್ತಾರೆ. ಓದೋದು ಹೀಗೆ: ಬಂದ ಅಂಕಿಯಲ್ಲಿ 1000 ಕಳೆದು 4ರಿಂದ ಭಾಗಿಸಿ, ಅದೇ ದು.

ಡಿಸ್ಕನ್ನ 468ಕ್ಕೆ ಕತ್ತರಿಸಿ ತಂದು ಉಪ್ಪುಕಾಗದ ತಿಕ್ತಾ ಬಂದೆ, 80 ನಂಬರ್, ಆಮೇಲೆ 120. ಅಳತೆ ಪಟ್ಟಿ ಹಿಡಿದು 465 ನೋಡೋದಲ್ಲ, ಟೇಪನ್ನೇ ಸುತ್ತಿ ಎರಡೂ ತುದಿ ಕೂಡೋವರೆಗೆ ತಿಕ್ಕೋದು. ಟೇಪಿನ ದಪ್ಪವೂ ಲೆಕ್ಕಕ್ಕೆ ಬರುತ್ತೆ, ಹಾಗಾಗಿ ಇದೇ ಸರಿಯಾದ ಕ್ರಮ. ಕೊನೆ ಒಂದು ಮಿಮೀಗೆ ಬಂದಾಗ ಅವಸರ ಪಡಬೇಡಿ. ಒಂದೇ ಕಡೆ ತಿಕ್ಕಿದ್ರೆ ಸುತ್ತಳತೆ ಸರಿ ಇರುತ್ತೆ, ವೃತ್ತ ಮಾತ್ರ ವೃತ್ತವಾಗಿರಲ್ಲ.

ಅಂಟು: ಕಾಂಟ್ಯಾಕ್ಟ್ ಗಮ್ ಹಾಕಿ ರಾತ್ರಿ ಸುತ್ತಿಟ್ಟೆ, ಬೆಳಿಗ್ಗೆ ಟೇಪು ಬಿಚ್ಕೊಂಡು ಗೋಡೆ ಹತ್ರ ಬಿದ್ದಿತ್ತು. ಸ್ಟೀಲ್ ಅಲ್ವಾ, ನೆಟ್ಟಗಾಗೋಕೆ ಒದ್ದಾಡ್ತಾನೇ ಇರುತ್ತೆ. ಟೇಪಿಗೆ ತೂತು ಹೊಡೆಯೋಕೆ ಹೋದ್ರೆ ಸೀಳು ಬಿಡ್ತು. ಕೊನೆಗೆ ಎಣ್ಣೆ ಡಬ್ಬಿ ತಗಡಿನ ಸಣ್ಣ ಪಟ್ಟಿಗಳನ್ನ ಕ್ಲಿಪ್ ಥರ ಮಡಚಿ ಸುತ್ತಲೂ ಪ್ಲೈ ಪಕ್ಕಕ್ಕೆ ಸ್ಕ್ರೂ ಮಾಡ್ದೆ, ಗಮ್ಮೂ ಇದೆ ಕ್ಲಿಪ್ಪೂ ಇದೆ. ಅಂಕಿ ಮುಚ್ಚದ ಹಾಗೆ ಕ್ಲಿಪ್ಪನ್ನ 2 ಮಿಮೀ ಮಾತ್ರ ಮೇಲಕ್ಕೆ ಮಡಚಿ.

4. ಉತ್ತರ–ದಕ್ಷಿಣ ಗೆರೆ

ಇದು ಬೇಗ ಆಯ್ತು. ತಾರಸಿ ಮೇಲೆ ನೆಟ್ಟಗೆ ಒಂದು ಕೋಲು, ಸುತ್ತ ಸೀಮೆಸುಣ್ಣದ ವೃತ್ತ, ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟಿದ ಜಾಗ, ಮಧ್ಯಾಹ್ನದ ಮೇಲೆ ಮುಟ್ಟಿದ ಜಾಗ, ಎರಡರ ಮಧ್ಯ. ನಮ್ಮ ಶಂಕು ವಿಧಾನವೂ ಇದೇ, ಅವರ 8 ಚಿ (ಚೀನಾದ ಅಡಿ) ಎತ್ತರದ ಕಂಬದ್ದೂ ಇದೇ ಜಾತಿ. ಕೋಲಿನ ತುದಿ ನೆರಳು ಮಸುಕಾಗಿ ಬೀಳುತ್ತೆ, ತುದಿಗೆ ತೂತಿರೋ ತಗಡು ಬಿಲ್ಲೆ ಸಿಕ್ಕಿಸಿ, ನೆಲದ ಮೇಲೆ ಬೆಳಕಿನ ಚುಕ್ಕಿ ಸಿಗುತ್ತೆ, ಗುರುತು ಹಾಕೋದು ಸುಲಭ. ಫೋನಿನ ದಿಕ್ಸೂಚಿ ನಂಬಬೇಡಿ. ತಾರಸಿ ಕಾಂಕ್ರೀಟ್ ಒಳಗೆ ಕಬ್ಬಿಣ ತುಂಬಿರುತ್ತೆ, ಎರಡು ಹೆಜ್ಜೆ ಆಚೆ ಹೋದ್ರೆ ಬೇರೇನೇ ಹೇಳುತ್ತೆ.

5. ಮನೆ ಅಗಲ ಅಳೆಯೋದು, ಅಂದ್ರೆ ಗಡಿಯಾರ

ಅಗಲ ಅಳೆಯೋಕೆ ಡಿಸ್ಕೇ ಬೇಡ. ಒಂದು ಗುರುತಿನ ನಕ್ಷತ್ರ ಉತ್ತರ–ದಕ್ಷಿಣ ಗೆರೆ ದಾಟಿದ ಸಮಯ, ಮುಂದಿನದು ದಾಟಿದ ಸಮಯ, ವ್ಯತ್ಯಾಸ ತಗೊಂಡ್ರೆ ಸಾಕು. ಒಂದು ದು ಅಂದ್ರೆ 3 ನಿಮಿಷ 56 ಸೆಕೆಂಡ್. ದಿನಾ ರಾತ್ರಿ ನಕ್ಷತ್ರ ನಿನ್ನೆಗಿಂತ ಮುಂಚೆ ಬರೋದೂ ಇಷ್ಟೇ. ಶಿ ಶೆನ್ ಪಂಥದೋರ ಹತ್ರ ನೀರಿನ ಗಡಿಯಾರ ಇತ್ತು, ಉಂಗುರ ಯಂತ್ರದ (ಗುರುತು ಹಾಕಿದ ಉಂಗುರ, ಅದಕ್ಕೊಂದು ನೋಟದ ಕೊಳವೆ) ಮೇಲೆ ಅಳೆದ್ರಾ ನೀರಿನಿಂದ ಅಳೆದ್ರಾ ಅನ್ನೋ ಜಗಳಕ್ಕೆ ನಾನು ಹೋಗಲ್ಲ, ನನ್ನ ಹತ್ರ ಫೋನಿದೆ.

ಮೊದಲು ಹಾಕಿದ್ದು ಎರಡು ತೂಗುಗುಂಡು, ಎರಡೂವರೆ ಮೀಟರ್ ಅಂತರದಲ್ಲಿ, ಗಾರೆ ಮೇಸ್ತ್ರಿಗಳು ಲೈನ್ ಹಿಡಿಯೋ ಬಿಳೀ ನೈಲಾನ್ ದಾರ. ಗಾಳಿಗೆ ಗುಂಡು ಓಲಾಡ್ತಿತ್ತು, ನೀರು ತುಂಬಿದ ಬಕೆಟ್ಟಲ್ಲಿ ಮುಳುಗಿಸಿದ್ಮೇಲೆ ನಿಂತ್ಕೊಳ್ತು. ಆದ್ರೆ ಅಸಲಿ ತೊಂದರೆ ಬೇರೆ. ಕೃತ್ತಿಕೆ, ಮೃಗಶಿರ ಎಲ್ಲಾ ನಮ್ಮ ಊರಲ್ಲಿ ಹೆಚ್ಚುಕಮ್ಮಿ ನೆತ್ತಿ ಮೇಲೇ ದಾಟ್ತವೆ. ಮೃಗಶಿರದ ತಲೆ ದಾಟೋ ಎತ್ತರ 86 ಡಿಗ್ರಿ ಮೇಲೆ. ಅಷ್ಟು ಎತ್ತರ ನೋಡೋಕೆ ದಾರಕ್ಕೆ ತೆಂಗಿನ ಮರದಷ್ಟು ಉದ್ದ ಬೇಕು. ಹಾನ್ ರಾಜಧಾನಿ ಲುವೊಯಾಂಗ್ ಇರೋದು 34 ಡಿಗ್ರಿ ಚಿಲ್ಲರೆಯಲ್ಲಿ, ಅಲ್ಲಿ ಮೃಗಶಿರದ ತಲೆ ಹಿತವಾಗಿ ಓರೆಯಲ್ಲಿ ಸಿಗುತ್ತೆ, ಕುತ್ತಿಗೆ ಉಳಿಯುತ್ತೆ.

ಹಾಗಾಗಿ ಬದಲಾಯಿಸ್ದೆ. ಉತ್ತರ–ದಕ್ಷಿಣಕ್ಕೆ ಎರಡು ದಾರ ಅಡ್ಡಲಾಗಿ ಕಟ್ಟಿದ್ದು, ಒಂದು ನೆಲದಿಂದ 600 ಮಿಮೀ, ಇನ್ನೊಂದು ಸರಿಯಾಗಿ ಅದರ ಮೇಲೆ 2400ಕ್ಕೆ, ಎರಡೂ ಒಂದೇ ನೇರ ಇದಾವಾ ಅಂತ ಎರಡೂ ತುದಿಯಲ್ಲಿ ಗುಂಡು ಇಳಿಸಿ ನೋಡೋದು. ಕೆಳಗೆ ಚಾಪೆ ಹಾಸ್ಕೊಂಡು ಮಲಗಿ ತಲೆ ಆಚೀಚೆ ಸರಿಸಿ ಎರಡು ದಾರ ಒಂದಾಗೋ ಹಾಗೆ ಮಾಡ್ಕೊಂಡ್ರೆ, ನಕ್ಷತ್ರ ದಾರದ ಹಿಂದೆ ಒಂದು ಕ್ಷಣ ಮರೆಯಾಗುತ್ತೆ. ದಾರ ಕಾಣೋಕೆ ದೂರದಲ್ಲಿ ಒಂದು ಕೆಂಪು ಎಲ್‌ಇಡಿ, ಅದರ ಮೇಲೂ ಬಟ್ಟೆ. ಸ್ಟಾಪ್‌ವಾಚ್ ಒತ್ತೋಕೆ ಹೋದ್ರೆ ಸ್ಕ್ರೀನ್ ಬೆಳಕಿಗೆ ಕಣ್ಣು ಕೆಡುತ್ತೆ, ವಾಯ್ಸ್ ರೆಕಾರ್ಡರ್ ಆನ್ ಮಾಡಿಟ್ಟು "ಈಗ" ಅಂತ ಕೂಗೋದು, ಬೆಳಿಗ್ಗೆ ಕೇಳಿ ಬರ್ಕೊಳ್ಳೋದು. ಪಕ್ಕದ್ಮನೆ ತಾರಸಿಯಿಂದ "ಏನು ಈಗ?" ಅಂತ ಕೇಳಿದ್ದೂ ಅದೇ ರೆಕಾರ್ಡಿಂಗಲ್ಲಿದೆ.

ಸಂಕ್ರಾಂತಿ ಆದ ವಾರ, ಆಕಾಶ ಚೆನ್ನಾಗಿತ್ತು. ಕೃತ್ತಿಕೆ ಪಶ್ಚಿಮದ ಅಂಚಿನ ನಕ್ಷತ್ರ ದಾಟಿದ್ದು ಎಂಟೂವರೆ ಹತ್ರ, ಅಲ್ಲಿಂದ ರೋಹಿಣಿ ಪಕ್ಕ ಇರೋ 'ಬೀ' ಮನೆಯ ಗುರುತಿನ ನಕ್ಷತ್ರಕ್ಕೆ 43 ನಿಮಿಷ 40 ಸೆಕೆಂಡ್. ದು ಮಾಡಿದ್ರೆ 11.1. ಪಟ್ಟಿಯಲ್ಲಿ 11. ಕುಣಿಯೋ ಹಾಗಾಯ್ತು.

ಮುಂದಿನದು ಬೀ ಮನೆ, ಪಟ್ಟಿ ಪ್ರಕಾರ 16. ಆಮೇಲೆ ಝೀ, 2. ಅಂದ್ರೆ ಮೊದಲು ಮೃಗಶಿರದ ತಲೆಯ ಪುಟ್ಟ ಮೂರು ಚುಕ್ಕಿ ದಾಟಬೇಕು, ಅದಾಗಿ 7 ನಿಮಿಷ 52 ಸೆಕೆಂಡಿಗೆ ಒರಾಯನ್ ಸೊಂಟದ ಪಟ್ಟಿಯ ಮೊದಲ ನಕ್ಷತ್ರ ಮಿಂಟಾಕ, ಅಲ್ಲಿಂದ 'ಷೆನ್' ಮನೆ. ನಾನು ತಲೆಗೆ ಕಣ್ಣಿಟ್ಟು ಕಾಯ್ತಿದ್ರೆ ಮಿಂಟಾಕ ದಾರದ ಹಿಂದೆ ಹೋಗ್ಬಿಟ್ಟಿದೆ, ತಲೆ ಇನ್ನೂ ಪೂರ್ವಕ್ಕಿದೆ. 3 ನಿಮಿಷ ಚಿಲ್ಲರೆ ಆದ್ಮೇಲೆ ತಲೆ ದಾಟ್ತು. ದಾರ ಜಾರಿದೆ ಅಂದ್ಕೊಂಡೆ, ಎದ್ದು ಗುಂಡು ಇಳಿಸಿ ನೋಡಿದ್ರೆ ಸರಿ ಇದೆ. ಮಾರನೇ ರಾತ್ರಿನೂ ಅದೇ. ಪಟ್ಟಿ ಪ್ರಕಾರ +2 ಬರಬೇಕಾದ ಮನೆ ನನ್ನ ತಾರಸಿ ಮೇಲೆ −0.8 ಬಂತು. ಅಗಲ ಮೈನಸ್ ಇರೋ ಮನೆ!

ಆಮೇಲೆ ಹಳೇ ಅಂಕಿಗಳನ್ನ ಸಾಲಾಗಿ ಇಟ್ಟು ನೋಡ್ದೆ. ಹಾನ್ ಕಾಲದಲ್ಲಿ ಝೀ 2 ದು. 8ನೇ ಶತಮಾನದಲ್ಲಿ ಯಿ ಶಿಂಗ್ ಅನ್ನೋ ಬೌದ್ಧ ಭಿಕ್ಷು ಮತ್ತೆ ಅಳೆದಾಗ 1. 13ನೇ ಶತಮಾನದ ಕೊನೆಗೆ ಗುವೊ ಶೌಜಿಂಗ್ ಅಳೆದಾಗ 0.05. ಆ ಮನೆ ಸವೀತಾ ಸವೀತಾ ಬಂದು ತಿರುವುಮುರುವಾಗಿದೆ, ನಾನು ಮಲಗಿ ನೋಡಿದ್ದು ಅದರ ಮುಂದುವರಿದ ಭಾಗ. ಭೂಮಿ ಅಕ್ಷ ಸುಮಾರು 26,000 ವರ್ಷಕ್ಕೆ ಒಂದು ಸುತ್ತು ಓಲಾಡೋದ್ರಿಂದ ಧ್ರುವ ಸರಿಯುತ್ತೆ, ಧ್ರುವ ಸರಿದ್ರೆ ತಲೆ ಮತ್ತೆ ಸೊಂಟದ ಹಿಂದುಮುಂದು ಬದಲಾಗುತ್ತೆ. ಇಂಥದ್ದು ಓದಿರ್ತೀವಿ, ಆದ್ರೆ ದಾರದ ಹಿಂದೆ ತಪ್ಪು ನಕ್ಷತ್ರ ಮೊದಲು ಹೋಗೋದನ್ನ ನೋಡೋದೇ ಬೇರೆ. ಬೀ ಶುರುವಿನಿಂದ ಮಿಂಟಾಕವರೆಗೆ ನನಗೆ 16 ಬಂತು, ಪಟ್ಟಿಯಲ್ಲಿ 16 ಮತ್ತು 2 ಸೇರಿ 18. ಷೆನ್ ಅಗಲ ನನಗೆ 13, ಪಟ್ಟಿಯಲ್ಲಿ 9. ಪಟ್ಟಿ ತಪ್ಪಲ್ಲ, ನನ್ನ ದಾರವೂ ತಪ್ಪಲ್ಲ. ಮಧ್ಯದಲ್ಲಿ ಎರಡು ಸಾವಿರ ವರ್ಷ ಇದೆ ಅಷ್ಟೇ.

ಷೆನ್ ಆದ್ಮೇಲೆ ಬರೋ ಜಿಂಗ್ ಮನೆಯ 33 ದು ಅಳೆಯೋಕೆ ಆಗ್ಲಿಲ್ಲ. ಅದು ಮುಗಿಯೋ ಕಡೆ ಪುಷ್ಯದ ಗುರುತಿನ ನಕ್ಷತ್ರ ತೀರಾ ಮಂಕು, ಊರ ಬೆಳಕಲ್ಲಿ ಕಾಣಲ್ಲ.

6. ಧ್ರುವದ ದೂರ: ಡಿಸ್ಕ್ ನಿಲ್ಲಿಸೋದು

ಈಗ ಡಿಸ್ಕಿನ ಕೆಲಸ. ಜಿಐ ಆಂಗಲ್‌ನಲ್ಲಿ ಸ್ಟ್ಯಾಂಡ್, ವೆಲ್ಡಿಂಗ್ ಸೇರಿ 500 ರೂ. ಡಿಸ್ಕ್ ನೆಟ್ಟಗೆ, ಉತ್ತರ–ದಕ್ಷಿಣ ಗೆರೆ ಮೇಲೆ. ನಡುವೆ 8 ಮಿಮೀ ಬೋಲ್ಟು, ಅದರ ಮೇಲೆ ತಿರುಗೋ ಕೊಳವೆ: ಮುಕ್ಕಾಲು ಇಂಚಿನ ವೈರಿಂಗ್ ಪೈಪು, ಎರಡೂ ತುದಿಗೆ ವಾಷರ್, ಎರಡೂ ಕಡೆ ಮೊನೆ ಇರೋ ತಗಡು ಮುಳ್ಳು. ಚೀನಾದ ಉಂಗುರ ಯಂತ್ರಗಳಲ್ಲೂ ಮಸೂರ ಇಲ್ಲದ ನೋಟದ ಕೊಳವೆಯೇ ಇದ್ದಿದ್ದು. ವಾಷರ್ ಎರಡೂ ಕಡೆ 3 ಮಿಮೀ ತೂತಿಟ್ರೆ ಕತ್ತಲಲ್ಲಿ ನಕ್ಷತ್ರ ಹಿಡಿಯೋಕೇ ಆಗಲ್ಲ, ಮುಂದೆ 8, ಕಣ್ಣಿನ ಕಡೆ 3 ಇಟ್ಟ ಮೇಲೆ ಸಿಗ್ತು.

ಸೊನ್ನೆ ಎಲ್ಲಿಡೋದು? ಧ್ರುವದ ಮೇಲೆ. ಲುವೊಯಾಂಗ್‌ನಲ್ಲಿ ಧ್ರುವ ದಿಗಂತದಿಂದ 36 ದು ಮೇಲೆ ಅಂತ ಹಳೇ ಪುಸ್ತಕಗಳು ಹೇಳ್ತವೆ, ಅಲ್ಲಿ ಧ್ರುವದ ಸುತ್ತ ಮುಳುಗದೇ ಸುತ್ತೋ ನಕ್ಷತ್ರಗಳು ಬೇಕಾದಷ್ಟು, ಒಂದೇ ನಕ್ಷತ್ರವನ್ನ ಧ್ರುವದ ಮೇಲೆ ಬಂದಾಗ ಒಂದ್ಸಲ ಕೆಳಗೆ ಬಂದಾಗ ಒಂದ್ಸಲ ಅಳೆದು ಮಧ್ಯ ತಗೊಂಡ್ರೆ ಧ್ರುವ ಸಿಕ್ತು. ನಮ್ಮಲ್ಲಿ ಧ್ರುವದ ಎತ್ತರವೇ 13.3 ಡಿಗ್ರಿ, ಆ ಕಡೆ ಪೂರ್ತಿ ಧೂಳು, ಹೈವೇ ಬೆಳಕು. ಸಪ್ತರ್ಷಿ ಮುಳುಗೇ ಮುಳುಗುತ್ತೆ. ಆ ದಾರಿ ಇಲ್ಲಿ ಮುಚ್ಚಿದೆ. ಇವತ್ತಿನ ಧ್ರುವ ನಕ್ಷತ್ರ ಅವರಿಗೂ ಉಪಯೋಗಕ್ಕೆ ಬರ್ತಿರ್ಲಿಲ್ಲ ಬಿಡಿ, ಆಗ ಅದು ಧ್ರುವದಿಂದ ಸುಮಾರು 12 ಡಿಗ್ರಿ ದೂರ ಇತ್ತು. ನಾನು ತೂಗುಗುಂಡು ಮತ್ತೆ ಅಕ್ಷಾಂಶ ನಂಬ್ಕೊಂಡೆ. 13.34 ಡಿಗ್ರಿ ಅಂದ್ರೆ 13.5 ದು, ಟೇಪಲ್ಲಿ 54 ಮಿಮೀ. ಲೆಕ್ಕ ಹಾಕಿದ್ರೆ ಬೋಲ್ಟಿನಿಂದ ಇಳಿಬಿಟ್ಟ ದಾರ ಟೇಪಿನ 2041.6 ಮೇಲೆ ಬರಬೇಕು, ಹಾಗೆ ಡಿಸ್ಕ್ ತಿರುಗಿಸಿ ಸ್ಕ್ರೂ ಬಿಗಿದೆ.

ಯುಗಾದಿ ಕಳೆದ್ಮೇಲೆ ಚಿತ್ತಾ ನಕ್ಷತ್ರಕ್ಕೆ ಕೂತೆ, ಏಪ್ರಿಲ್ ಕೊನೆಯಲ್ಲಿ ರಾತ್ರಿ ಹನ್ನೊಂದೂವರೆ ಸುಮಾರಿಗೆ ಗೆರೆ ದಾಟುತ್ತೆ. ಈಗಿನ ಲೆಕ್ಕದಲ್ಲಿ ಧ್ರುವದಿಂದ 102.8 ದು, ಟೇಪಲ್ಲಿ 1411 ಬರಬೇಕು. ಬಂದಿದ್ದು 1416. ಪ್ರತಿ ರಾತ್ರಿನೂ ಅಷ್ಟೇ ಹೆಚ್ಚು. ಕೈ ನಡುಕ ಆಗಿದ್ರೆ ಒಮ್ಮೆ ಹೆಚ್ಚು ಒಮ್ಮೆ ಕಮ್ಮಿ ಬರ್ತಿತ್ತು, ಇದು ಒಂದೇ ಕಡೆ ಎಳೀತಿದೆ ಅಂದ್ರೆ ಯಂತ್ರದ್ದೇ ದೋಷ.

ಒಂದು ಸಿಕ್ಕಿದ್ದು: ಬೋಲ್ಟಿನ ತೂತು ನಿಜವಾದ ನಡುವಿನಲ್ಲಿ ಇಲ್ಲ. ನಡು 1 ಮಿಮೀ ಸರಿದ್ರೆ ಕಾಲು ದು ಹೋಯ್ತು. ಪರಿಹಾರ ಸುಲಭ, ಮುಳ್ಳಿನ ಎರಡೂ ತುದಿ ಓದಿ, ಎರಡಕ್ಕೂ 730.5 ಅಂತರ ಇರಬೇಕು, ಇಲ್ಲದಿದ್ರೆ ಹೆಚ್ಚುಕಮ್ಮಿಯನ್ನ ಅರ್ಧ ಮಾಡಿ. ಅದರಿಂದ 1 ಮಿಮೀ ಇಳೀತು. ಉಳಿದ 4?

ಬೋಲ್ಟಿಗೆ ದಾರ ಕಟ್ಟಿದ್ದೆ. ದಾರ ಬೋಲ್ಟಿನ ನಡುವಿನಿಂದ ಇಳಿಯಲ್ಲ, ಪಕ್ಕದಿಂದ ಇಳಿಯುತ್ತೆ. 8 ಮಿಮೀ ಬೋಲ್ಟು, ಪಕ್ಕ ಅಂದ್ರೆ 4 ಮಿಮೀ, 4 ಮಿಮೀ ಅಂದ್ರೆ ಸರಿಯಾಗಿ ಒಂದು ದು. ಬೋಲ್ಟಿನ ಮೂತಿಗೆ ಸಣ್ಣ ತೂತು ಕೊರೆದು ದಾರವನ್ನ ನಡುವಿನಿಂದಲೇ ಇಳಿಬಿಟ್ಟು ಡಿಸ್ಕ್ ಮತ್ತೆ ಕೂರಿಸ್ದೆ. ಆಮೇಲೆ 1410 ಮತ್ತು 1413ರ ಮಧ್ಯೆ ಬರ್ತಿದೆ. 1411.5 ಇಟ್ಕೊಂಡಿದೀನಿ, 102.9 ದು.

ಇದನ್ನ ಇಷ್ಟು ಉದ್ದ ಬರೆಯೋಕೆ ಕಾರಣ ಇದೆ. ಶಿ ಶೆನ್ ಹೆಸರಿನ ಪಟ್ಟಿಯನ್ನ ಜಾಲಾಡಿದ ಇತಿಹಾಸಕಾರರು ಕಂಡಿದ್ದೂ ಇದೇ ಥರದ್ದು: ಧ್ರುವದ ದೂರದ ಅಂಕಿಗಳಲ್ಲಿ ಒಂದೇ ಕಡೆ ಎಳೆಯೋ, ಹತ್ರಹತ್ರ ಒಂದು ಡಿಗ್ರಿಯ ದೋಷ, ಯಂತ್ರದ ಅಕ್ಷ ನಿಜವಾದ ಧ್ರುವದ ಕಡೆ ಕೂತಿರ್ಲಿಲ್ಲ ಅಂತ ಅವರ ತೀರ್ಮಾನ. ನನ್ನ ಅಭಿಪ್ರಾಯ ಏನಂದ್ರೆ, ಪಟ್ಟಿಯ ಎರಡು ಅಂಕಿ ಎರಡು ಜಾತಿಯವು. ಮನೆ ಅಗಲ ಎರಡು ನಕ್ಷತ್ರಗಳ ನಡುವಿನ ವ್ಯವಹಾರ, ಯಂತ್ರ ಸ್ವಲ್ಪ ಓರೆ ಇದ್ರೂ ಬಹುಪಾಲು ಕಳೆದುಹೋಗುತ್ತೆ. ಧ್ರುವದ ದೂರದಲ್ಲಿ ಒಂದು ತುದಿ ನಕ್ಷತ್ರ, ಇನ್ನೊಂದು ತುದಿಯಲ್ಲಿ ಏನೂ ಕಾಣದ ಖಾಲಿ ಜಾಗ, ಆ ಖಾಲಿ ಜಾಗವನ್ನ ಬಡಗಿ ಕೆಲಸದಿಂದ ಹಿಡಿದಿಡಬೇಕು. ಅಲ್ಲಿ ಯಾರ ಕೈಯಾದ್ರೂ ಜಾರುತ್ತೆ.

7. ಎರಡು ಪೆನ್ಸಿಲ್ ಗೆರೆ

ಪಟ್ಟಿಯಲ್ಲಿ ಚಿತ್ತಾ ನಕ್ಷತ್ರದ ಧ್ರುವ ದೂರ 91 ದು. ಟೇಪಲ್ಲಿ 1364. ನನ್ನದು 1411.5. ಡಿಸ್ಕಿನ ಅಂಚಲ್ಲಿ ಎರಡಕ್ಕೂ ಗೆರೆ ಎಳೆದೆ, ನಡುವೆ 47.5 ಮಿಮೀ, ಮೂರು ಬೆರಳಿನ ಅಗಲ. ಚಿತ್ತಾ ಧ್ರುವದಿಂದ ದೂರ ಹೋಗ್ತಿರೋ ವೇಗ ನೂರು ವರ್ಷಕ್ಕೆ 0.55 ಡಿಗ್ರಿ, ಅಂದ್ರೆ ನನ್ನ ಟೇಪಲ್ಲಿ ಒಂದು ಮಿಲಿಮೀಟರಿಗೆ ಹತ್ರಹತ್ರ 45 ವರ್ಷ. 47.5ನ್ನ 45ರಿಂದ ಗುಣಿಸಿ ಹಿಂದಕ್ಕೆ ಹೋದ್ರೆ ಕ್ರಿ.ಪೂ. 110ರ ಸುಮಾರು. ಪಟ್ಟಿಯೋರು ಪೂರ್ತಿ ದುಗೆ ಸರಿಮಾಡಿ ಬರೆದಿರೋದ್ರಿಂದಲೇ ಆಚೀಚೆ 90 ವರ್ಷ, ನನ್ನ ಕಣ್ಣಿಂದ ಇನ್ನೊಂದಷ್ಟು. ಗ್ರೀಸಿನ ಕಡೆ ಹಿಪ್ಪಾರ್ಕಸ್ ಅದೇ ಕ್ರಿ.ಪೂ. 2ನೇ ಶತಮಾನದಲ್ಲಿ ಇದೇ ನಕ್ಷತ್ರ ವಿಷುವದ ಗೆರೆಯಿಂದ (ಧ್ರುವದಿಂದ 90 ಡಿಗ್ರಿ ದೂರದ ಸುತ್ತು) 0.6 ಡಿಗ್ರಿ ಉತ್ತರಕ್ಕಿದೆ ಅಂದಿದ್ರು. ಅದನ್ನ ದು ಮಾಡಿದ್ರೆ 90.7. ಎರಡೂ ಕಡೆಯೋರು ಒಬ್ಬರಿಗೊಬ್ಬರು ಗೊತ್ತಿಲ್ದೆ ಒಂದೇ ಜಾಗಕ್ಕೆ ಬೆರಳಿಟ್ಟಿದ್ದಾರೆ.

ಶಿ ಶೆನ್ ಬದುಕಿದ್ದ ಕ್ರಿ.ಪೂ. 360ರ ಸುಮಾರಿಗೆ ಅಳೆದಿದ್ರೆ 89.4 ದು ಬರಬೇಕಿತ್ತು, ಗೆರೆ 6 ಮಿಮೀ ಹಿಂದೆ ಬೀಳ್ತಿತ್ತು. ಒಂದೇ ನಕ್ಷತ್ರ ಇಟ್ಕೊಂಡು ಇಷ್ಟು ದೊಡ್ಡ ಮಾತು ಆಡೋಕಾಗಲ್ಲ, ಮೇಲೆ ಹೇಳಿದ ಒಂದು ಡಿಗ್ರಿ ದೋಷ ಬೇರೆ ಇದೆ. ಆದ್ರೆ ಪಟ್ಟಿಯನ್ನ ಪೂರ್ತಿ ತಗೊಂಡು ಲೆಕ್ಕ ಹಾಕಿದ ಸುನ್ ಶಿಯಾವೊಚುನ್ ಮತ್ತು ಯಾಕೊಬ್ ಕಿಸ್ಟೆಮೇಕರ್ ಕೂಡ 1997ರಲ್ಲಿ ಕ್ರಿ.ಪೂ. 1ನೇ ಶತಮಾನ ಅಂತಲೇ ಹೇಳಿದ್ದು. ಕೆಲವು ಅಂಕಿ ಅದಕ್ಕಿಂತ ಹಳೇವು ಅನ್ನೋರೂ ಇದ್ದಾರೆ. ನನಗನ್ಸೋದು, ಹೆಸರು ಗುರುಗಳದ್ದು, ಕೈಕೆಲಸ ಹಾನ್ ಕಾಲದ ಶಿಷ್ಯ ಪರಂಪರೆಯದ್ದು. ಕ್ರಿ.ಪೂ. 104ರಲ್ಲಿ ತಾಯ್‌ಚು ಪಂಚಾಂಗ ಸುಧಾರಣೆ ಆದಾಗ ಲುವೊ ಶಿಯಾ ಹೊಂಗ್ ಉಂಗುರ ಯಂತ್ರ ತಿರುಗಿಸ್ತಿದ್ದ ಕಾಲ ಅದು, ಹೊಸ ಯಂತ್ರ ಕೈಗೆ ಬಂದ್ರೆ ಹಳೇ ಪಟ್ಟಿ ಯಾರು ತಾನೇ ಮತ್ತೆ ಅಳೆಯಲ್ಲ.

8. ಬಣ್ಣ (ಅರ್ಧ)

ಡಿಸ್ಕಿನ ಮುಖ ಖಾಲಿ ಇತ್ತು, ಅದರ ಮೇಲೆ ನಕ್ಷೆ ಮಾಡೋಣ ಅಂತ 28 ಕಡ್ಡಿ ಗೆರೆ ಎಳೆದೆ, ಟೇಪಿನ ಅಂಕಿ ನೋಡ್ಕೊಂಡು. 3ನೇ ಶತಮಾನದಲ್ಲಿ ಚೆನ್ ಝುವೊ ಅನ್ನೋರು ಶಿ ಶೆನ್, ಗಾನ್ ದ, ವು ಶಿಯಾನ್ ಮೂರು ಪಂಥದ ಪಟ್ಟಿ ಸೇರಿಸಿ 283 ಗುಂಪು, 1464 ನಕ್ಷತ್ರ ಮಾಡಿದ್ರು. 5ನೇ ಶತಮಾನದ ಚಿಯಾನ್ ಲಝಿ ಗೋಳದ ಮೇಲೆ ಮೂರು ಪಂಥಕ್ಕೆ ಮೂರು ಬಣ್ಣ ಹಾಕಿದ್ರು. ಅದೇ ರೂಢಿ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ, ಈಗ ಲಂಡನ್ನಿನಲ್ಲಿರೋ ಕಾಗದದ ನಕ್ಷೆಯಲ್ಲೂ ಇದೆ. ನಾನು ಶಿ ಶೆನ್‌ಗೆ ಕೆಂಪು, ಗಾನ್ ದಗೆ ಕಪ್ಪು ಹಾಕ್ತಿದ್ದೆ. ಎನಾಮಲ್ ಪೇಂಟ್ ಪ್ಲೈ ಮೇಲೆ ಹರಡಿ ಚುಕ್ಕಿ ಎಲ್ಲಾ ಕುಂಕುಮದ ಬೊಟ್ಟಾಯ್ತು. ಪ್ರೈಮರ್ ಇಲ್ದೆ ಹಾಕಬೇಡಿ.

ಖರ್ಚು: ಪ್ಲೈ 400, ಆಂಗಲ್ ಮತ್ತು ವೆಲ್ಡಿಂಗ್ 500, ತೂಗುಗುಂಡು ಎರಡು 300, ಗಮ್ 110, ಪೇಂಟ್ 90, ಪೈಪು 60, ದಾರ 30, ಬೋಲ್ಟು ನಟ್ಟು 25. ಒಟ್ಟು 1515 ರೂ. ಟೇಪಿಗೆ ಕಾಸಿಲ್ಲ, ಹೊಸದು ತಗೊಂಡ್ರೆ ಇನ್ನೊಂದು ನೂರು ಚಿಲ್ಲರೆ.

ಬಾಕಿ ಇರೋದು ಜ್ಯೇಷ್ಠಾ ಇರೋ 'ಶಿನ್' ಮನೆ. ಪಟ್ಟಿಯಲ್ಲಿ 5 ದು, ಈಗಿನ ಲೆಕ್ಕಕ್ಕೆ 7.8 ಬರಬೇಕು, ದಾರದ ಹಿಂದೆ ಅರ್ಧ ಗಂಟೆ ಚಿಲ್ಲರೆ. ಅದು ದಕ್ಷಿಣಕ್ಕೆ ಓರೆಯಲ್ಲಿ ದಾಟೋದ್ರಿಂದ ಮೊದಲು ಕಟ್ಟಿದ್ದ ಎರಡು ತೂಗುಗುಂಡೇ ಸಾಕು, ಚಾಪೆ ಬೇಡ. ಮಳೆಗಾಲದಲ್ಲಿ ಸಂಜೆ ಆಕಾಶದಲ್ಲೇ ಇರುತ್ತೆ ಆದ್ರೆ ಮೋಡ, ಮೋಡ ಬಿಡೋ ಹೊತ್ತಿಗೆ ಬೇಗ ಮುಳುಗುತ್ತೆ. ಹಾಗಾಗಿ ಮುಂದಿನ ಏಪ್ರಿಲ್. ಅಷ್ಟರೊಳಗೆ ಪ್ಲೈ ತೇವಕ್ಕೆ ಹಿಗ್ಗಿ ಟೇಪಿನ ತುದಿಗಳ ಮಧ್ಯೆ ಸಂದಿ ಬಿಟ್ಟಿದೆಯಾ ಅಂತ ತಿಂಗಳಿಗೊಮ್ಮೆ ನೋಡ್ಬೇಕು. ಈಗ 0.5 ಮಿಮೀ ಬಿಟ್ಟಿದೆ.